ಹದಿನೇಳು ಜನ, ಮೂರು ವಿಷಯ: ಕಷ್ಟದ ಲೆಕ್ಕವನ್ನು ಒಟ್ಟಿಗೆ ಕೂತು ಬಿಡಿಸುವುದು ಹೇಗೆ?

ಒಂದು ಹಾಳೆ ತೆಗೆದುಕೊಂಡು ಮನಸ್ಸಿಗೆ ಬಂದ ಕಡೆ ಐದು ಚುಕ್ಕಿ ಇಡಿ. ಯಾವ ಮೂರು ಚುಕ್ಕಿಯೂ ಒಂದೇ ಸರಳರೇಖೆಯ ಮೇಲೆ ಬರಬಾರದು, ಅಷ್ಟೇ ಷರತ್ತು. ಈಗ ಆ ಐದರಲ್ಲಿ ನಾಲ್ಕನ್ನು ಆರಿಸಿ ಒಂದು ಪೀನ ಚತುರ್ಭುಜ ಎಳೆಯಬೇಕು. ಅಂದರೆ ಎಲ್ಲೂ ಒಳಕ್ಕೆ ಕುಸಿಯದ ಚತುರ್ಭುಜ. ನೀವು ಚುಕ್ಕಿಗಳನ್ನು ಎಷ್ಟೇ ವಕ್ರವಾಗಿ ಇಟ್ಟಿದ್ದರೂ ಅಂಥ ನಾಲ್ಕು ಚುಕ್ಕಿ ಸಿಕ್ಕೇ ಸಿಗುತ್ತವೆ. ಯಾಕೆ?

ಇದು 1933ರ ಸುಮಾರಿಗೆ ಹಂಗೇರಿಯ ಬುಡಾಪೆಸ್ಟ್‌ನಲ್ಲಿ ಹುಟ್ಟಿದ ಲೆಕ್ಕ. ಅಲ್ಲಿನ ದೊಡ್ಡ ಉದ್ಯಾನದಲ್ಲಿ ಹೆಸರೇ ಗೊತ್ತಿಲ್ಲದ ಹಳೆಯ ಚರಿತ್ರೆಕಾರನ ಒಂದು ಪ್ರತಿಮೆ ಇದೆ. ಅದರ ಹತ್ತಿರ ಒಂದಷ್ಟು ಯುವಕ ಯುವತಿಯರು ಸೇರಿ ಗಣಿತ ಮಾತಾಡುತ್ತಿದ್ದರು. ಎಸ್ತರ್ ಕ್ಲೈನ್ ಭೌತಶಾಸ್ತ್ರ ಓದುತ್ತಿದ್ದರು. ಜಾರ್ಜ್ ಸೆಕೆರೆಶ್ ಕೆಮಿಕಲ್ ಎಂಜಿನಿಯರಿಂಗ್ ಓದಿದವರು. ಪಾಲ್ ಎರ್ಡಿಶ್ ಮತ್ತು ಪಾಲ್ ಟುರಾನ್ ಗಣಿತದವರು. ಎಲ್ಲರಿಗೂ ಇಪ್ಪತ್ತರ ಆಸುಪಾಸಿನ ವಯಸ್ಸು. ಐದು ಚುಕ್ಕಿಯ ಪ್ರಶ್ನೆಯನ್ನು ಗುಂಪಿಗೆ ತಂದವರು ಎಸ್ತರ್.

ಉತ್ತರ ನೋಡೋಣ. ಐದೂ ಚುಕ್ಕಿಯ ಮೇಲೆ ಮೊಳೆ ಹೊಡೆದು ಸುತ್ತಲೂ ಒಂದು ರಬ್ಬರ್ ಬ್ಯಾಂಡ್ ಹಾಕಿದ್ದೀರಿ ಅಂದುಕೊಳ್ಳಿ. ಅದು ಬಿಗಿಯಾಗಿ ಹೊರಗಿನ ಕೆಲವು ಮೊಳೆಗಳಿಗೆ ಮಾತ್ರ ತಾಗಿ ನಿಲ್ಲುತ್ತದೆ. ನಾಲ್ಕಕ್ಕೆ ತಾಗಿದರೆ ಆ ನಾಲ್ಕೇ ಪೀನ ಚತುರ್ಭುಜ. ಐದಕ್ಕೂ ತಾಗಿದರೆ ಅದರಲ್ಲಿ ಯಾವ ನಾಲ್ಕನ್ನು ಆರಿಸಿದರೂ ಆಯಿತು. ಮೂರಕ್ಕೆ ಮಾತ್ರ ತಾಗಿದರೆ ಕಷ್ಟ ಶುರುವಾಗುತ್ತದೆ. ಆಗ ಹೊರಗೆ ಅ, ಬ, ಕ ಎಂಬ ತ್ರಿಭುಜ, ಒಳಗೆ ಗ, ಚ ಎಂಬ ಎರಡು ಚುಕ್ಕಿ.

ಗ ಮತ್ತು ಚ ಮೂಲಕ ಒಂದು ಉದ್ದನೆಯ ಗೆರೆ ಎಳೆಯಿರಿ. ಅದು ತ್ರಿಭುಜವನ್ನು ಸೀಳಿಕೊಂಡು ಹೋಗುತ್ತದೆ. ಯಾವ ಮೂಲೆಯ ಮೇಲೂ ಹಾದು ಹೋಗುವ ಹಾಗಿಲ್ಲ, ಷರತ್ತಿದೆಯಲ್ಲ. ಹಾಗಾಗಿ ಮೂರು ಮೂಲೆಗಳಲ್ಲಿ ಎರಡು ಗೆರೆಯ ಒಂದು ಕಡೆ, ಇನ್ನೊಂದು ಆ ಕಡೆ. ಒಂದೇ ಕಡೆ ಇರುವವು ಅ ಮತ್ತು ಬ ಅಂತಿರಲಿ. ಅ, ಬ, ಗ, ಚ ಸೇರಿದರೆ ಪೀನ ಚತುರ್ಭುಜ.

ಮುಗೀತು ಅನ್ನಿಸುತ್ತದೆ. ನಾಲ್ಕು ಜನ ಸುತ್ತ ಕೂತಿದ್ದರೆ ಮಾತ್ರ ಯಾರಾದರೂ ಒಬ್ಬರು ಕೇಳುತ್ತಾರೆ: "ಅದು ಪೀನವೇ ಆಗುತ್ತೆ ಅಂತ ಹೇಗೆ ಗೊತ್ತು? ಚಿತ್ರದಲ್ಲಿ ಹಾಗೆ ಕಾಣ್ತಿದೆ ಅಂತ ತಾನೆ?"

ಒಳ್ಳೆಯ ಪ್ರಶ್ನೆ. ನಾಲ್ಕು ಚುಕ್ಕಿಗಳಲ್ಲಿ ಯಾವುದೂ ಉಳಿದ ಮೂರರ ತ್ರಿಭುಜದ ಒಳಗೆ ಇಲ್ಲದಿದ್ದರೆ ಅವು ಪೀನ ಚತುರ್ಭುಜವೇ. ಅದನ್ನೇ ಒಂದೊಂದಾಗಿ ನೋಡಿದರೆ ಸಾಕು. ಅ ಮತ್ತು ಬ ಇಡೀ ಚಿತ್ರದ ಹೊರ ಮೂಲೆಗಳು, ಅವು ಯಾವುದರ ಒಳಗೂ ಹೋಗಲಾರವು. ಗ ಏನಾದರೂ ಅ-ಬ-ಚ ತ್ರಿಭುಜದ ಒಳಗಿದೆಯೇ? ಆ ತ್ರಿಭುಜದಲ್ಲಿ ಅ, ಬ ಎರಡೂ ಗೆರೆಯ ಒಂದೇ ಕಡೆ ಇವೆ, ಚ ಮಾತ್ರ ಗೆರೆಯ ಮೇಲಿದೆ. ಅಂದರೆ ಇಡೀ ತ್ರಿಭುಜ ಆ ಗೆರೆಯನ್ನು ಚ ಎಂಬ ಒಂದೇ ಜಾಗದಲ್ಲಿ ಮುಟ್ಟುತ್ತದೆ. ಗ ಇರುವುದು ಗೆರೆಯ ಮೇಲೆ, ಚ ಅಲ್ಲದ ಬೇರೆ ಜಾಗದಲ್ಲಿ. ಹಾಗಾಗಿ ಗ ಒಳಗಿಲ್ಲ. ಚ ಕೂಡ ಅದೇ ಕಾರಣಕ್ಕೆ ಅ-ಬ-ಗ ಒಳಗಿಲ್ಲ. ಈಗ ನಿಜವಾಗಿ ಮುಗಿಯಿತು.

ಒಟ್ಟಿಗೆ ಕೂತು ಲೆಕ್ಕ ಬಿಡಿಸುವುದರ ಲಾಭ ಏನು ಅಂತ ಕೇಳಿದರೆ ನಾನು ಮೊದಲು ತೋರಿಸುವುದು ಈ "ಹೇಗೆ ಗೊತ್ತು?" ಅನ್ನುವ ಜಾಗವನ್ನು. ಒಬ್ಬರೇ ಬಿಡಿಸುವಾಗ ಕಣ್ಣಿಗೆ ಕಂಡದ್ದನ್ನು ಮನಸ್ಸು ಒಪ್ಪಿಬಿಡುತ್ತದೆ. ಪಕ್ಕದವರಿಗೆ ಹೇಳಬೇಕಾದಾಗ ಮಾತ್ರ ಬಾಯಿ ತಡವರಿಸುತ್ತದೆ. ತಡವರಿಸಿದ ಜಾಗದಲ್ಲೇ ಲೆಕ್ಕದ ಒಂದು ತುಂಡು ಇನ್ನೂ ಬಾಕಿ ಇರುತ್ತದೆ.

ಬುಡಾಪೆಸ್ಟ್ ಗುಂಪು ಅಲ್ಲಿಗೆ ನಿಲ್ಲಿಸಲಿಲ್ಲ. ನಾಲ್ಕು ಮೂಲೆಗೆ ಐದು ಚುಕ್ಕಿ ಸಾಕು, ಸರಿ, ಪೀನ ಪಂಚಭುಜ ಬೇಕೆಂದರೆ ಎಷ್ಟು ಚುಕ್ಕಿ ಬೇಕು? ಗುಂಪಿನ ಇನ್ನೊಬ್ಬರು, ಎಂಡ್ರೆ ಮಕಾಯ್, 9 ಸಾಕು ಅಂತ ತೋರಿಸಿದರು. ಎಷ್ಟೇ ಮೂಲೆ ಬೇಕೆಂದರೂ ಅದಕ್ಕೆ ತಕ್ಕಷ್ಟು ಚುಕ್ಕಿ ಇಟ್ಟರೆ ಸಿಕ್ಕೇ ಸಿಗುತ್ತದೆ ಅನ್ನುವುದನ್ನು ಸೆಕೆರೆಶ್ ಸಾಧಿಸಿದರು. ಆ ದಾರಿಯಲ್ಲಿ ಅವರು ಒಂದು ದೊಡ್ಡ ಪ್ರಮೇಯವನ್ನು ತಮ್ಮಷ್ಟಕ್ಕೆ ಕಂಡುಕೊಂಡಿದ್ದರು. ಇಂಗ್ಲೆಂಡಿನ ಫ್ರಾಂಕ್ ರಾಮ್ಸೆ ಕೆಲವೇ ವರ್ಷ ಮೊದಲು ಅದನ್ನು ಸಾಧಿಸಿದ್ದು ಇವರಿಗೆ ಗೊತ್ತಿರಲಿಲ್ಲ. ಎರ್ಡಿಶ್ ಮತ್ತು ಸೆಕೆರೆಶ್ ಸೇರಿ ಬರೆದ ಪ್ರಬಂಧ 1935ರಲ್ಲಿ ಪ್ರಕಟವಾಯಿತು. ಚುಕ್ಕಿಗಳ ಸಂಖ್ಯೆಗೆ ಅವರ ಊಹೆ ಹೀಗಿದೆ: ಮೂಲೆಗಳ ಸಂಖ್ಯೆಯಲ್ಲಿ 2 ಕಳೆಯಿರಿ, ಅಷ್ಟು 2ಗಳನ್ನು ಗುಣಿಸಿ, 1 ಕೂಡಿಸಿ. ನಾಲ್ಕು ಮೂಲೆಗೆ 2×2+1=5. ಐದಕ್ಕೆ 2×2×2+1=9. ಆರಕ್ಕೆ 17. ಈ 17 ಸರಿ ಅಂತ ಕಂಪ್ಯೂಟರ್ ನೆರವಿನಿಂದ ಖಚಿತವಾದದ್ದು 2006ರಲ್ಲಿ. ಏಳು ಮೂಲೆಯಿಂದ ಮುಂದಕ್ಕೆ ಊಹೆ ಇನ್ನೂ ಊಹೆಯೇ. ಹತ್ತನೇ ತರಗತಿಯ ಮಗುವಿಗೆ ಅರ್ಥವಾಗುವ ಪ್ರಶ್ನೆಯೊಂದು ತೊಂಬತ್ತು ವರ್ಷವಾದರೂ ಪೂರ್ತಿ ಬಗೆಹರಿದಿಲ್ಲ!

ಎಸ್ತರ್ ಮತ್ತು ಜಾರ್ಜ್ 1937ರಲ್ಲಿ ಮದುವೆಯಾದರು. ಅದಕ್ಕೇ ಎರ್ಡಿಶ್ ಈ ಲೆಕ್ಕಕ್ಕೆ "ಸುಖಾಂತ್ಯದ ಲೆಕ್ಕ" ಅಂತ ಹೆಸರಿಟ್ಟರು.

ಇಂಥ ಗುಂಪು ಇದ್ದಕ್ಕಿದ್ದಂತೆ ಹುಟ್ಟಲಿಲ್ಲ. ಹಂಗೇರಿಯ ಗ್ಯೋರ್ ಎಂಬ ಊರಿನ ಶಾಲಾ ಮೇಷ್ಟ್ರು ಡಾನಿಯೆಲ್ ಅರಾನಿ 1894ರಲ್ಲಿ ಪ್ರೌಢಶಾಲೆ ಮಕ್ಕಳಿಗಾಗಿ ಒಂದು ಗಣಿತ ಪತ್ರಿಕೆ ಶುರುಮಾಡಿದರು. ಪತ್ರಿಕೆಯಲ್ಲಿ ಕಷ್ಟದ ಲೆಕ್ಕಗಳು ಬರುತ್ತಿದ್ದವು. ಮಕ್ಕಳು ಉತ್ತರ ಬರೆದು ಅಂಚೆಯಲ್ಲಿ ಕಳಿಸುತ್ತಿದ್ದರು. ಸರಿಯಾಗಿ ಬಿಡಿಸಿದವರ ಹೆಸರು ಅಚ್ಚಾಗುತ್ತಿತ್ತು, ಚೆನ್ನಾಗಿ ಬಿಡಿಸಿದವರ ಫೋಟೋ ಕೂಡ. ಒಂದೂರಿನ ಹುಡುಗನಿಗೆ ಇನ್ನೊಂದೂರಿನಲ್ಲಿ ತನ್ನ ಹಾಗೇ ಲೆಕ್ಕದ ಹುಚ್ಚು ಹಿಡಿದವರಿದ್ದಾರೆ ಅಂತ ಗೊತ್ತಾಗುತ್ತಿತ್ತು. ಎರ್ಡಿಶ್, ಟುರಾನ್ ಎಲ್ಲ ಭೇಟಿಯಾಗುವ ಮೊದಲೇ ಒಬ್ಬರ ಹೆಸರನ್ನು ಇನ್ನೊಬ್ಬರು ಅಲ್ಲಿ ಓದಿದ್ದರು. ಹೈಸ್ಕೂಲಿನಲ್ಲಿ ಒಂದೇ ಲೆಕ್ಕಗಳ ಹಿಂದೆ ಬಿದ್ದಿದ್ದವರು ಆಮೇಲೆ ಒಂದೇ ಪಾರ್ಕಿನಲ್ಲಿ ಸೇರಿದರು. ಅದೇ 1894ರಲ್ಲಿ ಶಾಲೆ ಮುಗಿಸಿದ ಮಕ್ಕಳಿಗೆ ಗಣಿತ ಸ್ಪರ್ಧೆಯೂ ಶುರುವಾಯಿತು. ಇವತ್ತಿನ ಒಲಿಂಪಿಯಾಡ್‌ಗಳಿಗೆಲ್ಲ ಅದು ಹಿರಿಯಕ್ಕನಂಥದ್ದು.

ಈಗ ಶೀರ್ಷಿಕೆಯ ಲೆಕ್ಕಕ್ಕೆ ಬರೋಣ. 1964ರಲ್ಲಿ ಮಾಸ್ಕೋದಲ್ಲಿ ನಡೆದ ಅಂತಾರಾಷ್ಟ್ರೀಯ ಗಣಿತ ಒಲಿಂಪಿಯಾಡ್‌ನ 4ನೇ ಪ್ರಶ್ನೆ ಇದು. ಹದಿನೇಳು ಜನ ಇದ್ದಾರೆ. ಪ್ರತಿಯೊಬ್ಬರೂ ಉಳಿದ ಎಲ್ಲರಿಗೂ ಪತ್ರ ಬರೆಯುತ್ತಾರೆ. ಪತ್ರಗಳಲ್ಲಿ ಬರುವುದು ಒಟ್ಟು ಮೂರೇ ವಿಷಯ. ಯಾವ ಇಬ್ಬರನ್ನು ತೆಗೆದುಕೊಂಡರೂ ಅವರ ನಡುವೆ ಒಂದೇ ವಿಷಯದ ಪತ್ರವ್ಯವಹಾರ. ಹಾಗಿದ್ದರೆ, ತಮ್ಮತಮ್ಮಲ್ಲಿ ಒಂದೇ ವಿಷಯ ಬರೆದುಕೊಳ್ಳುವ ಮೂವರು ಇದ್ದೇ ಇರುತ್ತಾರೆ ಅಂತ ಸಾಧಿಸಿ. ಪ್ರತಿಯೊಬ್ಬರನ್ನೂ ಒಂದು ಚುಕ್ಕಿ, ಇಬ್ಬರ ನಡುವಿನ ಪತ್ರವ್ಯವಹಾರವನ್ನು ಒಂದು ಗೆರೆ ಅಂದುಕೊಂಡರೆ, ಹುಡುಕಬೇಕಾದದ್ದು ಮೂರೂ ಗೆರೆ ಒಂದೇ ವಿಷಯದ್ದಾಗಿರುವ ಒಂದು ತ್ರಿಭುಜ.

ಹತ್ತನೇ ತರಗತಿಯ ನಾಲ್ಕು ಮಕ್ಕಳ ಮುಂದೆ ಇದನ್ನಿಟ್ಟರೆ ಸಾಮಾನ್ಯವಾಗಿ ನಡೆಯುವುದು ಹೀಗೆ. ಲೆಕ್ಕದಲ್ಲಿ ಚುರುಕಾಗಿರುವ ಹುಡುಗ ಮೊದಲು ಪೆನ್ ಹಿಡಿಯುತ್ತಾನೆ. "ಒಟ್ಟು ಜೋಡಿ ಎಷ್ಟು? 17 ಗುಣಿಸು 16, ಭಾಗಿಸು 2. 136. ವಿಷಯ ಮೂರು. 136ನ್ನು ಮೂರರಿಂದ ಭಾಗಿಸಿದರೆ 45 ಚಿಲ್ಲರೆ. ಅಂದ್ರೆ ಯಾವುದಾದರೂ ಒಂದು ವಿಷಯದಲ್ಲಿ ಕನಿಷ್ಠ 46 ಜೋಡಿ ಇರಲೇಬೇಕು. ಇಷ್ಟೊಂದು ಜೋಡಿ ಇದ್ದ ಮೇಲೆ ತ್ರಿಭುಜ ಬಂದೇ ಬರುತ್ತೆ."

ಲೆಕ್ಕ ಸರಿಯಾಗೇ ಇದೆ. ಕೊನೆಯ ವಾಕ್ಯವೊಂದೇ ಅನುಮಾನದ್ದು. ಅಷ್ಟರಲ್ಲಿ ಎದುರು ಕೂತ ಹುಡುಗಿ ಸುಮ್ನೆ ಚುಕ್ಕಿ ಇಟ್ಟು ಗೆರೆ ಎಳೆಯುತ್ತಿರುತ್ತಾಳೆ. "ಎಂಟು ಜನರನ್ನ ಈ ಬೆಂಚಲ್ಲಿ ಕೂರಿಸ್ತೀನಿ, ಒಂಬತ್ತು ಜನರನ್ನ ಆ ಬೆಂಚಲ್ಲಿ. ಆ ವಿಷಯದ ಪತ್ರ ಈ ಬೆಂಚಿನಿಂದ ಆ ಬೆಂಚಿಗೆ ಮಾತ್ರ. ಒಂದೇ ಬೆಂಚಿನವರ ನಡುವೆ ಇಲ್ಲ. ಜೋಡಿ ಎಷ್ಟಾಯ್ತು? 8 ಗುಣಿಸು 9, 72. ತ್ರಿಭುಜ ಎಲ್ಲಿದೆ?"

ಎಲ್ಲೂ ಇಲ್ಲ. ಮೂವರನ್ನು ಆರಿಸಿದರೆ ಇಬ್ಬರು ಒಂದೇ ಬೆಂಚಿನವರಾಗಲೇಬೇಕು, ಅವರ ನಡುವೆ ಆ ವಿಷಯ ಇಲ್ಲ. 46 ಇರಲಿ, 72 ಜೋಡಿ ಇದ್ದರೂ ತ್ರಿಭುಜ ತಪ್ಪಿಸಬಹುದು. ಹುಡುಗನ ದಾರಿ ಎರಡೇ ನಿಮಿಷದಲ್ಲಿ ಮುಚ್ಚಿಹೋಯಿತು. ಅವನೊಬ್ಬನೇ ಕೂತಿದ್ದರೆ ಅದೇ ದಾರಿಯಲ್ಲಿ ಒಂದು ಸಂಜೆ ಕಳೆಯುತ್ತಿತ್ತೇನೋ.

ಹಾಗಂತ ಆ ದಾರಿ ವ್ಯರ್ಥ ಅಲ್ಲ. ಹುಡುಗಿ ಕೇಳಿದ್ದು ಗಣಿತದ ಒಂದು ದೊಡ್ಡ ಪ್ರಶ್ನೆ: ತ್ರಿಭುಜ ಬಾರದ ಹಾಗೆ ಹೆಚ್ಚೆಂದರೆ ಎಷ್ಟು ಗೆರೆ ಎಳೆಯಬಹುದು? ಎರಡು ಬೆಂಚಿನ ಜೋಡಣೆಯೇ ಅತಿ ಹೆಚ್ಚು ಅಂತ 1907ರಲ್ಲೇ ಗೊತ್ತಾಗಿತ್ತು. ತ್ರಿಭುಜದ ಬದಲು ಇನ್ನೂ ದೊಡ್ಡ ಕೂಟಗಳನ್ನು, ಅಂದರೆ ಪ್ರತಿ ಜೋಡಿಯ ನಡುವೆಯೂ ಗೆರೆ ಇರುವ ನಾಲ್ಕೋ ಐದೋ ಚುಕ್ಕಿಗಳ ಗುಂಪುಗಳನ್ನು, ತಪ್ಪಿಸಬೇಕಾದರೆ ಏನು ಅನ್ನುವುದನ್ನು ಬಿಡಿಸಿದವರು ಬುಡಾಪೆಸ್ಟ್ ಗುಂಪಿನ ಅದೇ ಪಾಲ್ ಟುರಾನ್. 1940ರಲ್ಲಿ, ಬಲವಂತದ ದುಡಿಮೆಯ ಶಿಬಿರದಲ್ಲಿದ್ದಾಗ. ಮಕ್ಕಳು ತಪ್ಪು ದಾರಿ ಹಿಡಿದು ಇಂಥ ಜಾಗಕ್ಕೆ ಬಂದಾಗ ಪಕ್ಕದಲ್ಲಿ ಕೂತ ಮೇಷ್ಟ್ರು "ಅದು ಬೇಡ, ಇಲ್ಲಿ ಬನ್ನಿ" ಅಂತ ಎಳೆಯಬಾರದು. ಸ್ವಲ್ಪ ಹೊತ್ತು ಅಲ್ಲೇ ಸುತ್ತಾಡಲಿ.

ಮೇಜಿನ ಬಳಿ ಈಗ ಸ್ವಲ್ಪ ಮೌನ. ಇಲ್ಲಿಯವರೆಗೆ ಏನೂ ಮಾತಾಡದ ಮೂರನೆಯವಳು ಹೇಳುತ್ತಾಳೆ: "17 ತುಂಬಾ ಜಾಸ್ತಿ ಆಯ್ತು. ವಿಷಯ ಎರಡೇ ಇದ್ದಿದ್ರೆ?" ಒಲಿಂಪಿಯಾಡ್ ಲೆಕ್ಕಗಳಲ್ಲಿ ಇದಕ್ಕಿಂತ ಉಪಯೋಗದ ಮಾತು ಇನ್ನೊಂದಿಲ್ಲ. ಬಿಡಿಸಲಾಗದ ಲೆಕ್ಕ ಎದುರಾದರೆ ಅದರ ತಂಗಿಯನ್ನು ಹುಡುಕಬೇಕು.

ವಿಷಯ ಎರಡೇ ಇದ್ದರೆ ಆರು ಜನ ಸಾಕು. ಇದೂ ಹಳೆಯ ಲೆಕ್ಕವೇ, 1947ರಲ್ಲಿ ಹಂಗೇರಿಯ ಸ್ಪರ್ಧೆಯಲ್ಲಿ ಪರಿಚಿತರು ಅಪರಿಚಿತರ ರೂಪದಲ್ಲಿ ಬಂದಿತ್ತು. ಆರು ಜನರಲ್ಲಿ ಒಬ್ಬಳನ್ನು ಹಿಡಿಯಿರಿ. ಅವಳು ಐದು ಜನರಿಗೆ ಬರೆಯುತ್ತಾಳೆ. ವಿಷಯ ಎರಡು, ಕೆಂಪು ಮತ್ತು ನೀಲಿ ಅನ್ನೋಣ. ಐದರಲ್ಲಿ ಕನಿಷ್ಠ ಮೂರು ಒಂದೇ ಬಣ್ಣದವು ಆಗಲೇಬೇಕು. ಆ ಬಣ್ಣ ಕೆಂಪು ಅಂತಿರಲಿ. ಆ ಮೂವರಲ್ಲಿ ಯಾವ ಇಬ್ಬರ ನಡುವೆಯಾದರೂ ಕೆಂಪು ಇದ್ದರೆ, ನಮ್ಮವಳನ್ನೂ ಸೇರಿಸಿ ಕೆಂಪು ತ್ರಿಭುಜ ಸಿಕ್ಕಿತು. ಒಂದೂ ಕೆಂಪು ಇಲ್ಲವೆಂದರೆ ಆ ಮೂವರ ನಡುವೆ ಎಲ್ಲ ನೀಲಿ, ನೀಲಿ ತ್ರಿಭುಜ ಸಿಕ್ಕಿತು. ಐದೇ ಜನ ಇದ್ದರೆ ತಪ್ಪಿಸಿಕೊಳ್ಳಬಹುದು: ಪಂಚಭುಜದ ಬಾಹುಗಳಿಗೆ ಕೆಂಪು, ಕರ್ಣಗಳಿಗೆ ನೀಲಿ ಬಳಿದು ನೋಡಿ, ಒಂದೇ ಬಣ್ಣದ ತ್ರಿಭುಜ ಒಂದೂ ಬರುವುದಿಲ್ಲ.

ಇಲ್ಲಿಂದ ಹದಿನೇಳಕ್ಕೆ ಹಾರಲು ನಾಲ್ಕನೆಯವನು ಬೇಕಾಗುತ್ತಾನೆ. "ಅಲ್ಲೂ ಒಬ್ಬರನ್ನೇ ಹಿಡಿಯೋಣ. 16 ಪತ್ರ, ಮೂರು ವಿಷಯ. ಪ್ರತಿ ವಿಷಯದಲ್ಲೂ ಐದೈದೇ ಇದ್ದರೆ 15 ಆಯ್ತು, ಒಂದು ಉಳೀತು. ಹಾಗಾದ್ರೆ ಯಾವುದೋ ಒಂದರಲ್ಲಿ ಆರು." ಆರು ಅಂದ ತಕ್ಷಣ ನಾಲ್ಕೂ ಮುಖ ಒಟ್ಟಿಗೆ ಮೇಲೇಳುತ್ತವೆ. ಆರು! ಆ ಆರು ಜನರ ನಡುವೆ ಎಲ್ಲಾದರೂ ಅದೇ ವಿಷಯ ಬಂದರೆ ತ್ರಿಭುಜ ಸಿಕ್ಕಿತು. ಬರಲಿಲ್ಲವೆಂದರೆ ಅವರ ನಡುವೆ ಉಳಿದದ್ದು ಎರಡೇ ವಿಷಯ. ಆರು ಜನ, ಎರಡು ವಿಷಯ, ಅದನ್ನು ಈಗಷ್ಟೇ ಬಿಡಿಸಿದೆವಲ್ಲ. ಮುಗಿಯಿತು.

ಈ ಉತ್ತರ ಯಾರದು? ಎಣಿಸಿದವನದೇ, ಬೆಂಚು ಹಾಕಿ ಕೆಡವಿದವಳದೇ, ಚಿಕ್ಕ ಲೆಕ್ಕ ಕೇಳಿದವಳದೇ, ಆರನ್ನು ಕಂಡವನದೇ? ಹೇಳಲು ಬರುವುದಿಲ್ಲ. ಗುಂಪಿನಲ್ಲಿ ಓಡಾಡುವುದು ಪೂರ್ತಿ ಉತ್ತರಗಳಲ್ಲ, ಅರ್ಧಂಬರ್ಧ ಯೋಚನೆಗಳು. ಪರೀಕ್ಷೆಗೆ ಒಗ್ಗಿದ ಮಕ್ಕಳು ಅರ್ಧ ಯೋಚನೆಯನ್ನು ಬಾಯಿಬಿಟ್ಟು ಹೇಳಲು ನಾಚುತ್ತಾರೆ, ತಪ್ಪಾದರೆ ನಗುತ್ತಾರೇನೋ ಅಂತ. ಆ ನಾಚಿಕೆ ಹೋಗದೆ ಎಷ್ಟು ಜನ ಸೇರಿದರೂ ಏನೂ ಆಗುವುದಿಲ್ಲ. ನಾಲ್ಕು ಜನ ಪಕ್ಕಪಕ್ಕ ಕೂತು ಬೇರೆಬೇರೆಯಾಗಿ ತಲೆ ಕೆಡಿಸಿಕೊಂಡಂತಾಗುತ್ತದೆ, ಅಷ್ಟೇ.

ಮಕ್ಕಳ ಜೊತೆ ಕೂತು ನೋಡಿದ ಮೇಲೆ ನನಗೆ ಗಟ್ಟಿಯಾಗಿ ಅನ್ನಿಸಿರುವ ಕೆಲವು ಮಾತು ಹೇಳುತ್ತೇನೆ. ಲೆಕ್ಕ ಕೊಟ್ಟ ಕೂಡಲೇ ಚರ್ಚೆ ಶುರುಮಾಡಬೇಡಿ. ಮೊದಲ ಹದಿನೈದಿಪ್ಪತ್ತು ನಿಮಿಷ ಎಲ್ಲರೂ ತಮ್ಮ ರಫ್ ಹಾಳೆಯಲ್ಲಿ ಒಬ್ಬೊಬ್ಬರೇ ಒದ್ದಾಡಲಿ. ಇಲ್ಲದಿದ್ದರೆ ಮೊದಲು ಮಾತಾಡಿದವರ ದಾರಿಗೆ ಎಲ್ಲರೂ ಎಳೆದುಕೊಂಡು ಹೋಗುತ್ತಾರೆ. ಮೇಲಿನ ಗುಂಪಿನಲ್ಲಿ ಎರಡು ಬೆಂಚಿನ ಯೋಚನೆ ಬಂದದ್ದು ಆ ಹುಡುಗಿ ತನ್ನ ಹಾಳೆಯಲ್ಲಿ ಬೇರೆಯೇ ಏನೋ ಗೀಚುತ್ತಿದ್ದುದರಿಂದ.

ಗುಂಪು ಮೂರು ನಾಲ್ಕು ಜನಕ್ಕಿಂತ ದೊಡ್ಡದಾದರೆ ಇಬ್ಬರು ಮಾತಾಡುತ್ತಾರೆ, ಉಳಿದವರು ನೋಡುತ್ತಾರೆ. ಎಲ್ಲರಿಗಿಂತ ಚುರುಕಿನವರ ಕೈಗೆ ಪೆನ್ ಕೊಡಬೇಡಿ. ಅವರು ಹೇಳಲಿ, ಬೇರೆಯವರು ಬರೆಯಲಿ. ಬರೆಯುವವರಿಗೆ ಅರ್ಥವಾಗದೆ ಪೆನ್ ನಿಂತರೆ ಹೇಳುವವರು ಇನ್ನೊಮ್ಮೆ ಬಿಡಿಸಿ ಹೇಳಲೇಬೇಕಾಗುತ್ತದೆ. ಲೆಕ್ಕವನ್ನು ಮೊದಲೇ ಎಲ್ಲೋ ನೋಡಿದವರು ಇದ್ದರೆ ಶುರುವಿನಲ್ಲೇ ಹೇಳಿಬಿಡಲಿ, ಆಮೇಲೆ ಪ್ರಶ್ನೆ ಕೇಳುವ ಕೆಲಸ ಮಾತ್ರ ಮಾಡಲಿ. ಮಾತು ಕನ್ನಡವೋ ಇಂಗ್ಲಿಷೋ ಎರಡೂ ಬೆರೆತದ್ದೋ, ಯಾವುದು ಸಲೀಸಾಗಿ ಬರುತ್ತದೋ ಅದರಲ್ಲಿ ಇರಲಿ. ಯೋಚನೆ ಇನ್ನೂ ಹಸಿಯಾಗಿರುವಾಗ ಭಾಷೆ ತಿದ್ದಲು ಹೋದರೆ ಯೋಚನೆಯೇ ಜಾರಿಹೋಗುತ್ತದೆ.

ಕೊನೆಗೆ ಬರೆಯುವುದು ಮಾತ್ರ ಒಬ್ಬೊಬ್ಬರೇ. ಇದನ್ನು ನಾನು ಬಿಟ್ಟುಕೊಡುವುದಿಲ್ಲ. ಗುಂಪಿನಲ್ಲಿ ಎಲ್ಲ ಅರ್ಥವಾದಂತೆ ಅನ್ನಿಸಿದ್ದು ಮನೆಗೆ ಹೋಗಿ ಬರೆಯಲು ಕೂತಾಗ ಅರ್ಧದಲ್ಲೇ ನಿಲ್ಲುವುದುಂಟು. ಮರುದಿನ ಒಬ್ಬರು ಬರೆದದ್ದನ್ನು ಇನ್ನೊಬ್ಬರು ಓದಿ, ಸಂಶಯ ಬಂದ ಸಾಲಿಗೆ ಗುರುತು ಹಾಕಲಿ. ಒಲಿಂಪಿಯಾಡ್‌ನಲ್ಲಿ ಅಂಕ ಬರುವುದು ಹೊಳೆದದ್ದಕ್ಕಲ್ಲ, ಬರೆದದ್ದಕ್ಕೆ. ಅಲ್ಲಿ ಎರಡು ದಿನ ಪರೀಕ್ಷೆ, ದಿನಕ್ಕೆ ನಾಲ್ಕೂವರೆ ಗಂಟೆ, ಮೂರೇ ಲೆಕ್ಕ, ಪ್ರತಿ ಲೆಕ್ಕಕ್ಕೆ 7 ಅಂಕ. ದೇಶದ ತಂಡದಲ್ಲಿ ಹೆಚ್ಚೆಂದರೆ ಆರು ಜನ ಇದ್ದರೂ ಪರೀಕ್ಷೆಯ ಕೋಣೆಯಲ್ಲಿ ಪ್ರತಿಯೊಬ್ಬರೂ ಒಂಟಿ.

ಹಾಗಾದರೆ ಒಂಟಿಯಾಗಿ ಬರೆಯುವ ಪರೀಕ್ಷೆಗೆ ಒಟ್ಟಿಗೆ ಕೂತು ತಯಾರಾಗುವುದು ಯಾಕೆ? ಪಕ್ಕದವರು ಕೇಳುತ್ತಿದ್ದ "ಹೇಗೆ ಗೊತ್ತು?" ಮತ್ತು "ಇನ್ನೂ ಚಿಕ್ಕದಾಗಿದ್ರೆ?" ಅನ್ನುವ ಪ್ರಶ್ನೆಗಳು ಬರಬರುತ್ತಾ ತಲೆಯೊಳಗೇ ಕೇಳಿಸತೊಡಗುತ್ತವೆ. ಭಾರತ 1989ರಿಂದ ಈ ಒಲಿಂಪಿಯಾಡ್‌ಗೆ ತಂಡ ಕಳಿಸುತ್ತಿದೆ, 1996ರಲ್ಲಿ ಮುಂಬೈಯಲ್ಲೇ ಅದು ನಡೆಯಿತು. ಹಂತ ಹಂತವಾಗಿ ಪರೀಕ್ಷೆ ದಾಟಿ ಬಂದ ಮಕ್ಕಳನ್ನು ತರಬೇತಿ ಶಿಬಿರದಲ್ಲಿ ಒಟ್ಟಿಗೆ ಇರಿಸುತ್ತಾರೆ. ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದುಕೊಂಡು ಈ ಮಕ್ಕಳನ್ನು ತಿದ್ದಿ ಬೆಳೆಸಿದವರಲ್ಲಿ ಸಿ. ಆರ್. ಪ್ರಾಣೇಶಾಚಾರ್ ಮತ್ತು ಬಿ. ಜೆ. ವೆಂಕಟಾಚಲ ಮುಖ್ಯರು. ಶಿಬಿರಕ್ಕೆ ಹೋಗುವ ಮಕ್ಕಳು ಬೆರಳೆಣಿಕೆಯಷ್ಟು. ಒಂದು ಮೇಜಿನ ಸುತ್ತ ನಾಲ್ಕು ಜನ ಸೇರುವುದಕ್ಕೆ ಮಾತ್ರ ಯಾವ ಆಯ್ಕೆ ಪರೀಕ್ಷೆಯೂ ಬೇಕಿಲ್ಲ.

ಎಸ್ತರ್ ಕ್ಲೈನ್ ಇದನ್ನು ಚೆನ್ನಾಗಿ ಅರಿತಿದ್ದರು. ಯಹೂದಿಗಳಾದ ಅವರೂ ಜಾರ್ಜ್ ಕೂಡ ಯುರೋಪ್ ಬಿಟ್ಟು ಶಾಂಘೈಗೆ ಹೋಗಿ, ಅಲ್ಲಿಂದ 1948ರಲ್ಲಿ ಆಸ್ಟ್ರೇಲಿಯಾ ಸೇರಿದರು. ಎಪ್ಪತ್ತು ದಾಟಿದ ಮೇಲೆ, 1984ರಲ್ಲಿ, ಸಿಡ್ನಿಯಲ್ಲಿ ಎಸ್ತರ್ ಇತರರ ಜೊತೆ ಸೇರಿ ಹೈಸ್ಕೂಲ್ ಮಕ್ಕಳಿಗಾಗಿ ವಾರಕ್ಕೊಮ್ಮೆ ಗಣಿತದ ಕೂಟ ಶುರುಮಾಡಿದರು. ಆ ಒಂದು ಕೂಟ ಮುಂದೆ ಹಲವು ಕೂಟಗಳಾಗಿ ಬೆಳೆಯಿತು.

ನಿಮ್ಮ ಹತ್ತಿರ ಲೆಕ್ಕದಲ್ಲಿ ಆಸಕ್ತಿ ಇರುವ ಎರಡು ಮೂರು ಮಕ್ಕಳಿದ್ದರೆ ಈ ಲೆಕ್ಕ ಕೊಟ್ಟು ನೋಡಿ. ಆರು ಜನ, ಎರಡು ಬಣ್ಣ, ಒಂದು ತ್ರಿಭುಜವಂತೂ ಒಂದೇ ಬಣ್ಣದ್ದು ಇದ್ದೇ ಇರುತ್ತದೆ ಅಂತ ನೋಡಿದೆವು. ನಿಜಕ್ಕೂ ಅಂಥವು ಕನಿಷ್ಠ ಎರಡು ಇರುತ್ತವೆ. ಸಾಧಿಸಿ. ಸುಳಿವು ಬೇಕಿದ್ದರೆ: ಆರು ಜನರಲ್ಲಿ ಒಟ್ಟು ತ್ರಿಭುಜ 20. ತ್ರಿಭುಜಗಳನ್ನು ಬಿಟ್ಟು, ಒಬ್ಬ ವ್ಯಕ್ತಿಯಿಂದ ಹೊರಡುವ ಒಂದು ಕೆಂಪು ಗೆರೆ ಮತ್ತು ಒಂದು ನೀಲಿ ಗೆರೆಯ ಜೋಡಿಗಳನ್ನು ಎಣಿಸಿ. ಒಬ್ಬರ ಹತ್ತಿರ ಅಂಥ ಜೋಡಿ ಹೆಚ್ಚೆಂದರೆ ಎಷ್ಟಿರಬಹುದು? ಎರಡೂ ಬಣ್ಣ ಬೆರೆತ ಒಂದು ತ್ರಿಭುಜದಲ್ಲಿ ಅಂಥ ಜೋಡಿ ಎಷ್ಟು?